ಬಾಟಲಿಯಲ್ಲಿ ಇನ್ನೂರು ಡೋಸ್, ಹಿತ್ತಲಲ್ಲಿ ಎಂಟು ಕೋಳಿ

ಬಿಸಿಲು ಏರುತ್ತಿದ್ದಂತೆ ನಮ್ಮ ಹಳ್ಳಿಗಳಲ್ಲಿ ಪ್ರತಿ ವರ್ಷ ಒಂದು ಮಾತು ಓಡಾಡುತ್ತೆ: "ಆ ಕೇರೀಲಿ ಕೋಳಿಗೆ ರೋಗ ಬಿದ್ದಿದೆಯಂತೆ." ವಾರ ಕಳೆಯೋದ್ರೊಳಗೆ ಈ ಕೇರಿಗೂ ಬರುತ್ತೆ. ನಿನ್ನೆ ಕಾಳು ಹೆಕ್ಕುತ್ತಿದ್ದ ಹೇಂಟೆ ಇವತ್ತು ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ನಿಂತಿರುತ್ತೆ. ನಾಲ್ಕೈದು ದಿನದಲ್ಲಿ ಗೂಡು ಖಾಲಿ. ಮನೆಯವರು ಗುಂಡಿ ತೋಡಿ ಹೂತು, "ಈ ವರ್ಷದ ಕೋಳಿ ಭಾಗ್ಯ ಇಷ್ಟೇ" ಅಂತ ಸುಮ್ಮನಾಗ್ತಾರೆ.

ಇದು ಭಾಗ್ಯದ ಮಾತಲ್ಲ ಅನ್ನೋದು ನನ್ನ ವಾದ. ಈ ಸಾವುಗಳಲ್ಲಿ ದೊಡ್ಡ ಪಾಲು ಕೊಕ್ಕರೆ ರೋಗದ್ದು, ಅಂದ್ರೆ ರಾಣಿಖೇತ್ ರೋಗದ್ದು. ಅದಕ್ಕೆ ನಮ್ಮ ದೇಶದಲ್ಲೇ ಲಸಿಕೆ ತಯಾರಾಗಿ ಹತ್ತಿರ ಹತ್ತಿರ ಎಂಬತ್ತು ವರ್ಷ ಆಯ್ತು. ದುಬಾರಿಯೂ ಅಲ್ಲ. ಒಂದು ಒಳ್ಳೆ ನಾಟಿ ಹುಂಜ ಮಾರಿದ ದುಡ್ಡಲ್ಲಿ ಒಂದು ಬೀದಿಯ ಎಲ್ಲಾ ಕೋಳಿಗೂ ಲಸಿಕೆ ಆಗುತ್ತೆ. ಹಾಗಿದ್ರೂ ಕೋಳಿ ಯಾಕೆ ಸಾಯ್ತಿವೆ? ಲಸಿಕೆ ಬರೋ ಬಾಟಲಿ ದೊಡ್ಡ ಫಾರ್ಮ್‌ಗಳ ಅಳತೆಯದು. ನಾವು ಲಸಿಕೆ ಬಗ್ಗೆ ಯೋಚಿಸೋದು ಮಾತ್ರ ಒಂದೊಂದು ಮನೆಯ ಲೆಕ್ಕದಲ್ಲಿ. ಈ ಎರಡೂ ಹೊಂದೋದಿಲ್ಲ. ಬಾಟಲಿ ಸಣ್ಣದಾಗೋ ತನಕ ನಮ್ಮ ಲೆಕ್ಕ ದೊಡ್ಡದಾಗಬೇಕು. ಮನೆ ಬಿಟ್ಟು ಬೀದಿಯ ಲೆಕ್ಕಕ್ಕೆ ಬರಬೇಕು.

ಔಷಧಿ ಇಲ್ಲದ ರೋಗ

ಮೊದಲು ರೋಗದ ಗುರುತು ನೋಡೋಣ. ಕೋಳಿ ಮಂಕಾಗುತ್ತೆ, ಮೇವು ಬಿಡುತ್ತೆ. ಹಸಿರು ಬಣ್ಣದ ನೀರಾದ ಹಿಕ್ಕೆ ಹಾಕುತ್ತೆ. ಬಾಯಿ ತೆರೆದು ಗೊರಗೊರ ಉಸಿರಾಡುತ್ತೆ. ಮೊಟ್ಟೆ ಇಡೋದು ನಿಲ್ಲುತ್ತೆ, ಇಟ್ಟರೂ ತೆಳು ಚಿಪ್ಪು. ಕೆಲವು ದಿನ ಬದುಕಿದ ಕೋಳಿಗಳಲ್ಲಿ ಕತ್ತು ತಿರುಚಿಕೊಳ್ಳೋದು, ಕಾಲು ಸೋಲೋದು ಕಾಣುತ್ತೆ. ರೋಗಾಣು ಹೊಕ್ಕ ಮೇಲೆ ಸಾಮಾನ್ಯವಾಗಿ ಐದಾರು ದಿನಕ್ಕೆ, ಕೆಲವೊಮ್ಮೆ ಎರಡೇ ದಿನಕ್ಕೆ ಲಕ್ಷಣ ಶುರುವಾಗುತ್ತೆ. ಲಸಿಕೆ ಕಾಣದ ಹಿಂಡಿಗೆ ಉಗ್ರ ತಳಿಯ ವೈರಸ್ ಬಿದ್ದರೆ ನೂರಕ್ಕೆ ತೊಂಬತ್ತು, ಕೆಲವು ಕಡೆ ಪೂರ್ತಿ ನೂರೂ ಹೋಗಬಹುದು.

ಇದು ವೈರಸ್ ರೋಗ. ಬಂದ ಮೇಲೆ ವಾಸಿ ಮಾಡೋ ಔಷಧಿ ಇಲ್ಲ. ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ಪುಡಿ ತಂದು ನೀರಿಗೆ ಹಾಕೋದು ನಮ್ಮಲ್ಲಿ ಮಾಮೂಲಿ. ಆ್ಯಂಟಿಬಯೋಟಿಕ್ ಕೊಲ್ಲೋದು ಬ್ಯಾಕ್ಟೀರಿಯಾವನ್ನ, ವೈರಸ್ಸನ್ನಲ್ಲ. ಜೊತೆಗೆ ಸೇರಿಕೊಳ್ಳೋ ಬೇರೆ ಸೋಂಕಿಗೆ ಡಾಕ್ಟರ್ ಬರೆದುಕೊಟ್ಟರೆ ಅದು ಬೇರೆ ಮಾತು. ಸುಮ್ಮನೆ ಕೊಡೋದ್ರಿಂದ ದುಡ್ಡೂ ಹೋಗುತ್ತೆ, ಕೋಳಿಯೂ ಹೋಗುತ್ತೆ, ಮುಂದೆ ಆ ಔಷಧಿ ಕೆಲಸಕ್ಕೂ ಬರದಂತಾಗುತ್ತೆ.

ಹರಡೋ ದಾರಿ ನೋಡಿದರೆ ಬೇಸಿಗೆಯಲ್ಲೇ ಯಾಕೆ ಜಾಸ್ತಿ ಅನ್ನೋದು ಸ್ವಲ್ಪ ಅರ್ಥವಾಗುತ್ತೆ. ವೈರಸ್ ಹಿಕ್ಕೆಯಲ್ಲಿ, ಮೂಗಿನ ಸಿಂಬಳದಲ್ಲಿ ಹೊರಬರುತ್ತೆ. ನಮ್ಮ ಚಪ್ಪಲಿ, ಬುಟ್ಟಿ, ಬೈಕಿನ ಚಕ್ರಕ್ಕೆ ಅಂಟಿ ಊರೂರು ಸುತ್ತುತ್ತೆ. ಜಾತ್ರೆ, ಮಾರಮ್ಮನ ಹಬ್ಬ, ಯುಗಾದಿ ಮಾರನೇ ದಿನದ ಹೊಸತೊಡಕು, ಎಲ್ಲಾ ಬರೋದು ಇದೇ ಕಾಲದಲ್ಲಿ. ಕೋಳಿ ಒಂದು ಸಂತೆಯಿಂದ ಇನ್ನೊಂದು ಊರಿಗೆ ಹೋಗೋದೂ ಆಗಲೇ ಹೆಚ್ಚು. ಒಂದು ಮನೆಯಲ್ಲಿ ಕೋಳಿ ಮಂಕಾದ ಕೂಡಲೇ "ಸಾಯೋದಕ್ಕೆ ಮುಂಚೆ ಮಾರಿಬಿಡೋಣ" ಅಂತ ಸಂತೆಗೆ ಒಯ್ದರೆ, ಜೊತೆಗೆ ರೋಗವನ್ನೂ ಒಯ್ದಂತೆ.

ಹೆಸರೂ ನಮ್ಮದು, ಲಸಿಕೆಯೂ ನಮ್ಮದು

ಈ ರೋಗ ಜಗತ್ತಿನ ಗಮನಕ್ಕೆ ಬಂದಿದ್ದು 1926ರಲ್ಲಿ. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ, ಇಂಗ್ಲೆಂಡಿನ ನ್ಯೂಕಾಸಲ್ ಊರಿನಲ್ಲಿ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಕಾಣಿಸಿತು. ಅದಕ್ಕೇ ಹೊರದೇಶದವರು ಇದನ್ನ ನ್ಯೂಕಾಸಲ್ ರೋಗ ಅಂತಾರೆ. ಮುಂದಿನ ಒಂದೆರಡು ವರ್ಷದಲ್ಲೇ ಕುಮಾವೂನ್ ಬೆಟ್ಟಗಳ ರಾಣಿಖೇತ್‌ನಲ್ಲಿ, ಅಂದ್ರೆ ಈಗಿನ ಉತ್ತರಾಖಂಡದಲ್ಲಿ ಗುರುತಾಗಿ ನಮಗೆ ರಾಣಿಖೇತ್ ರೋಗ ಆಯ್ತು.

ರಾಣಿಖೇತ್ ಇರೋ ಅದೇ ಬೆಟ್ಟಸಾಲಿನ ಮುಕ್ತೇಶ್ವರದಲ್ಲಿ ದೇಶದ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಇತ್ತು. ಈಗಿನ ಐವಿಆರ್‌ಐ ಅದೇ. ಅಲ್ಲಿನ ವಿಜ್ಞಾನಿಗಳು 1940ರ ದಶಕದಲ್ಲಿ ಉಗ್ರ ವೈರಸ್ಸನ್ನ ಮರಿ ಬೆಳೆಯುತ್ತಿರೋ ಮೊಟ್ಟೆಯೊಳಗೆ ಮತ್ತೆ ಮತ್ತೆ ಬೆಳೆಸುತ್ತಾ ಹೋದರು. ಒಂದು ಮೊಟ್ಟೆಯಿಂದ ಇನ್ನೊಂದಕ್ಕೆ ದಾಟಿಸಿದಂತೆಲ್ಲ ಅದರ ಉಗ್ರತೆ ಇಳಿಯಿತು, ಕೋಳಿಯಲ್ಲಿ ರೋಗನಿರೋಧಕ ಶಕ್ತಿ ಎಬ್ಬಿಸೋ ಗುಣ ಉಳಿಯಿತು. ಹೀಗೆ ಬಂದಿದ್ದು ಮುಕ್ತೇಶ್ವರ ತಳಿ. ನಿಮ್ಮ ಪಶು ಆಸ್ಪತ್ರೆಯಲ್ಲಿ "ಆರ್2ಬಿ" ಅಂತ ಕೇಳಿದರೆ ಇವತ್ತಿಗೂ ಸಿಗೋದು ಅದೇ. ಮೊಟ್ಟೆಯಲ್ಲಿ ವೈರಸ್ ಬೆಳೆಸೋ ವಿದ್ಯೆಗೂ ದಾರಿ ಮಾಡಿಕೊಟ್ಟಿದ್ದು ಕೋಳಿ ರೋಗವೇ. 1931ರಲ್ಲಿ ಅಮೆರಿಕದ ಗುಡ್‌ಪಾಶ್ಚರ್ ಮತ್ತು ಸಂಗಡಿಗರು ಕೋಳಿ ಸಿಡುಬಿನ ವೈರಸ್ಸನ್ನ ಮೊಟ್ಟೆಯಲ್ಲಿ ಬೆಳೆಸಿ ತೋರಿಸಿದ್ದರು. ಮನುಷ್ಯರ ಫ್ಲೂ ಲಸಿಕೆಯನ್ನ ಇವತ್ತಿಗೂ ಬಹುಪಾಲು ಮೊಟ್ಟೆಯಲ್ಲೇ ತಯಾರಿಸೋದು.

ಆರ್2ಬಿ ಸ್ವಲ್ಪ ಖಾರದ ಲಸಿಕೆ. ದೊಡ್ಡ ಕೋಳಿಗೆ ಸರಿ, ಎಳೆ ಮರಿಗೆ ತಡೆಯಲ್ಲ. ಮರಿಗಳಿಗೆ ಬೇಕಾದ ಸೌಮ್ಯ ಲಸಿಕೆ ಬೇರೆ ದಾರಿಯಲ್ಲಿ ಬಂತು. ಹುಟ್ಟಿನಿಂದಲೇ ಸೌಮ್ಯವಾಗಿರೋ ವೈರಸ್ ತಳಿಗಳು ಸಿಕ್ಕವು. 1946ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಫಾರ್ಮಿನಲ್ಲಿ ಸಿಕ್ಕಿದ ತಳಿಗೆ ಫಾರ್ಮಿನ ಒಡೆಯರ ಹೆಸರೇ ಬಂತು: ಲಸೋಟಾ. ಅದೇ ಕಾಲದ ಬಿ1, ಆಮೇಲೆ ಇಂಗ್ಲೆಂಡಿನಿಂದ ಬಂದ ಎಫ್ ತಳಿ ಕೂಡ ಈ ಗುಂಪಿನವೇ.

ಇಲ್ಲಿ ನಮಗೆ ಅನುಕೂಲವಾದ ಒಂದು ಸಂಗತಿ ಇದೆ. ಕಾಲುಬಾಯಿ ಜ್ವರದ ವೈರಸ್ಸಿನಲ್ಲಿ ಹಲವು ವಿಧ. ಒಂದರ ಲಸಿಕೆ ಇನ್ನೊಂದಕ್ಕೆ ಸಾಲೋದಿಲ್ಲ. ರಾಣಿಖೇತ್ ವೈರಸ್ಸಿನಲ್ಲಿ ಎಷ್ಟೇ ತಳಿ ಇದ್ದರೂ, ಲಸಿಕೆಯ ಮಟ್ಟಿಗೆ ಎಲ್ಲಾ ಒಂದೇ ಜಾತಿ. ಹಾಗಾಗಿ 1940ರ ದಶಕದ ಲಸಿಕೆಗಳನ್ನ ಸರಿಯಾಗಿ ಕೊಟ್ಟರೆ ಇವತ್ತಿಗೂ ಕೋಳಿಯನ್ನ ಸಾವಿನಿಂದ ಉಳಿಸುತ್ತವೆ. ವಿಜ್ಞಾನಿಗಳು ಮಾಡಬೇಕಾದ ಮುಖ್ಯ ಕೆಲಸ ನಮ್ಮ ಅಜ್ಜಂದಿರ ಕಾಲಕ್ಕೇ ಮುಗಿದಿದೆ.

ಶೆಡ್ಡಿಗೆ ತಲುಪಿದ್ದು ಹಿತ್ತಲಿಗೆ ತಲುಪಲಿಲ್ಲ

ಬ್ರಾಯ್ಲರ್, ಲೇಯರ್ ಫಾರ್ಮ್‌ಗಳನ್ನ ನೋಡಿ. ಹ್ಯಾಚರಿಯಲ್ಲಿ ಮೊಟ್ಟೆ ಒಡೆದ ದಿನವೇ ಲೇಯರ್ ಮರಿಗೆ ಮ್ಯಾರೆಕ್ಸ್ ರೋಗದ ಲಸಿಕೆ ಬೀಳುತ್ತೆ. ವೈರಸ್ಸಿನಿಂದ ಬರೋ ಈ ಗಡ್ಡೆ ರೋಗಕ್ಕೆ 1970ರ ಆಸುಪಾಸಿನಲ್ಲಿ ಲಸಿಕೆ ಬಂದಾಗ, ಯಾವುದೇ ಪ್ರಾಣಿಯಲ್ಲಿ ಕ್ಯಾನ್ಸರ್ ತಡೆದ ಮೊದಲ ಲಸಿಕೆ ಅದಾಗಿತ್ತು. ಒಂದು ವಾರದೊಳಗೆ ರಾಣಿಖೇತ್ ಮೊದಲ ಡೋಸ್, ಎರಡನೇ ವಾರ ಗುಂಬೊರೊ, ಆಮೇಲೆ ಲಸೋಟಾ, ಮೊಟ್ಟೆ ಕೋಳಿಯಾದರೆ ಸಿಡುಬಿನ ಲಸಿಕೆ, ಆರ್2ಬಿ. ಗೋಡೆ ಮೇಲೆ ಚಾರ್ಟ್ ತೂಗುಹಾಕಿ ತಾರೀಕು ತಪ್ಪದಂತೆ ಮಾಡ್ತಾರೆ. ಐದು ಸಾವಿರ ಮರಿ, ಎಲ್ಲಕ್ಕೂ ಒಂದೇ ವಯಸ್ಸು, ಒಂದೇ ಶೆಡ್ಡು. ಸಾವಿರ ಡೋಸಿನ ಐದು ಬಾಟಲಿ ತಂದರೆ ಲೆಕ್ಕ ಚುಕ್ತಾ.

ಹಿತ್ತಲ ಕೋಳಿಯ ಕಥೆ ಬೇರೆ. 2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಇದ್ದ ಕೋಳಿ-ಬಾತುಗಳು ಸುಮಾರು 85 ಕೋಟಿ. ಅದರಲ್ಲಿ ಹಿತ್ತಲಲ್ಲಿ ಸಾಕಿದವು ಸುಮಾರು 31.7 ಕೋಟಿ. ಹಿಂದಿನ ಗಣತಿಗೆ ಹೋಲಿಸಿದರೆ ಹಿತ್ತಲ ಕೋಳಿ ಶೇ. 45ಕ್ಕಿಂತ ಹೆಚ್ಚು ಬೆಳೆದಿತ್ತು, ಫಾರ್ಮ್ ಕೋಳಿ ಶೇ. 4.5ರಷ್ಟು ಮಾತ್ರ. ಅಂದ್ರೆ ಇದು ಹಳೇ ಕಾಲದ ಉಳಿಕೆ ಅಲ್ಲ, ಬೆಳೀತಿರೋ ಕಸುಬು. ನಾಟಿ ಕೋಳಿಗೆ ಇರೋ ಬೆಲೆ ನಿಮಗೇ ಗೊತ್ತು. ಗಿರಿರಾಜ, ಸ್ವರ್ಣಧಾರ ತಂದು ಸಾಕೋ ಹುಡುಗರೂ ಹೆಚ್ಚಾಗಿದ್ದಾರೆ. ಇಷ್ಟಾದರೂ ಇಷ್ಟು ಕೋಟಿ ಕೋಳಿಗಳಲ್ಲಿ ಬಹುಪಾಲಿಗೆ ಗೋಡೆ ಮೇಲಿನ ಆ ಚಾರ್ಟ್ ಇಲ್ಲ.

ಕಾರಣ ಹುಡುಕಿದರೆ ಮೂರು ಸಿಗುತ್ತವೆ.

ಒಂದು, ಬಾಟಲಿ. ಲಸಿಕೆ ಬರೋದು 100, 200, 500, 1000 ಡೋಸಿನ ಬಾಟಲಿಗಳಲ್ಲಿ. ಎಂಟು ಕೋಳಿ ಇರೋ ಅಮ್ಮ ಇನ್ನೂರು ಡೋಸ್ ಯಾಕೆ ಕೊಳ್ತಾರೆ? 

ಎರಡು, ತಂಪು. ಇದು ಜೀವಂತ ವೈರಸ್ಸಿನ ಲಸಿಕೆ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಕಲಸಿದ ಮೇಲಂತೂ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ನಾಳೆಗೆ ಬರೋದಿಲ್ಲ. ಪೇಟೆಯಿಂದ ಜೇಬಿನಲ್ಲಿಟ್ಟುಕೊಂಡು ಬಿಸಿಲಲ್ಲಿ ಬಂದರೆ ಬಾಟಲಿ ಮನೆ ಸೇರುತ್ತೆ, ಒಳಗಿನ ಜೀವ ದಾರಿಯಲ್ಲೇ ಹೋಗಿರುತ್ತೆ. 

ಮೂರು, ಯಾರ ಕೆಲಸ ಅನ್ನೋ ಗೊಂದಲ. ಹಸುವಿನ ಕಾಲುಬಾಯಿ ಜ್ವರಕ್ಕೆ 2019ರಿಂದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ, ಸಿಬ್ಬಂದಿ ಮನೆಬಾಗಿಲಿಗೆ ಬರ್ತಾರೆ. ಕೋಳಿಗೆ ಆ ಮಟ್ಟದ ಅಭಿಯಾನ ಇಲ್ಲ. ಮನೆಯಲ್ಲೂ ಹಾಗೇ. ಹಸು ಯಜಮಾನರ ಲೆಕ್ಕಕ್ಕೆ, ಕೋಳಿ ಹೆಂಗಸರ ಲೆಕ್ಕಕ್ಕೆ. ಹಸು ಸತ್ತರೆ ಊರೇ ಮಾತಾಡುತ್ತೆ. ಹತ್ತು ಕೋಳಿ ಸತ್ತರೆ ಅಮ್ಮನ ಚೀಟಿ ದುಡ್ಡು, ಮಕ್ಕಳ ನೋಟ್‌ಬುಕ್ ದುಡ್ಡು ಹೋಯ್ತು ಅನ್ನೋದು ಯಾವ ಲೆಕ್ಕದಲ್ಲೂ ಬರೆಯೋದಿಲ್ಲ.

ಕೋಳಿಗೆ ಬೇಲಿ ಗೊತ್ತಿಲ್ಲ

"ನನ್ನ ಕೋಳಿಗೆ ನಾನು ಹಾಕಿಸ್ಕೋತೀನಿ, ಬೇರೆಯವರದ್ದು ನನಗ್ಯಾಕೆ" ಅನ್ನೋದು ಸಹಜ. ಆದರೆ ನಿಮ್ಮ ಕೋಳಿ ಮೇಯೋದು ಪಕ್ಕದ ಮನೆ ತಿಪ್ಪೆಯಲ್ಲಿ. ಅವರ ಹುಂಜ ನಿಮ್ಮ ಹಿತ್ತಲಲ್ಲಿ. ಲಸಿಕೆ ಹಾಕಿದ ಕೋಳಿ ಸಾಯೋದು ತಪ್ಪುತ್ತೆ, ಸರಿ. ಆದರೆ ಸುತ್ತಲೂ ರೋಗ ಇದ್ದರೆ ಅದಕ್ಕೂ ಸೋಂಕು ತಗುಲಬಹುದು, ಅದೂ ಸ್ವಲ್ಪ ವೈರಸ್ ಹೊರಹಾಕಬಹುದು. ನಿಮ್ಮ ಮುಂದಿನ ಮರಿಗಳು ಲಸಿಕೆ ವಯಸ್ಸಿಗೆ ಬರೋ ಮೊದಲೇ ರೋಗಕ್ಕೆ ಸಿಗುತ್ತವೆ. ಬೀದಿಯ ಹೆಚ್ಚಿನ ಕೋಳಿಗಳಿಗೆ ಒಟ್ಟಿಗೆ ರಕ್ಷಣೆ ಇದ್ದಾಗ ಮಾತ್ರ ವೈರಸ್ಸಿಗೆ ಮುಂದಿನ ಮೆಟ್ಟಿಲು ಸಿಗದೆ ನಿಲ್ಲುತ್ತೆ.

ಈಗ ಲೆಕ್ಕ ಹಾಕಿ. ಒಂದು ಬೀದಿಯಲ್ಲಿ ಇಪ್ಪತ್ತು ಮನೆ, ಮನೆಗೆ ಸರಾಸರಿ ಎಂಟು ಕೋಳಿ. 160 ಆಯ್ತು. 200 ಡೋಸಿನ ಒಂದು ಬಾಟಲಿ ಸಾಕು, ಚೆಲ್ಲಿದ್ದು ತಪ್ಪಿದ್ದು ಎಲ್ಲಾ ಸೇರಿ. ಒಬ್ಬರಿಗೆ ವ್ಯರ್ಥ ಅನಿಸಿದ ಬಾಟಲಿ ಬೀದಿಗೆ ಅಳತೆ ಮಾಡಿ ಹೊಲಿದಂಗಿದೆ. ನನ್ನ ಪೂರ್ತಿ ವಾದ ನಿಂತಿರೋದು ಈ ಲೆಕ್ಕದ ಮೇಲೆ.

ಇದನ್ನ ಮಾಡೋಕೆ ಬೇಕಾಗಿರೋದು ಒಬ್ಬ ಓಡಾಡೋ ಹುಡುಗ ಅಥವಾ ಹುಡುಗಿ, ಒಂದು ಫೋನು, ಒಂದು ಥರ್ಮಾಸ್ ಫ್ಲಾಸ್ಕು. ನಾನು ಓದಿದ್ದು ತೋಟಗಾರಿಕೆ, ಪಶುವೈದ್ಯ ಅಲ್ಲ. ಹಾಗಾಗಿ ಯಾವ ಲಸಿಕೆ, ಯಾವಾಗ ಅನ್ನೋದನ್ನ ನಿಮ್ಮ ಪಶು ಆಸ್ಪತ್ರೆಯ ಡಾಕ್ಟರ ಹತ್ತಿರ ಮಾತಾಡಿಯೇ ನಿರ್ಧರಿಸಿ. ಕೆಲಸದ ಕ್ರಮ ಮಾತ್ರ ಹೀಗೆ ಇಟ್ಟುಕೊಳ್ಳಬಹುದು:

* ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಮನೆವಾರು ಕೋಳಿ ಲೆಕ್ಕ ಬರೆಯಿರಿ: ದೊಡ್ಡವು ಎಷ್ಟು, ಮರಿ ಎಷ್ಟು. ಫೋನ್ ಇಲ್ಲದ ಮನೆಗೆ ನೀವೇ ಹೋಗಿ ಕೇಳಿ. ಅಲ್ಲೇ ಕೋಳಿ ಜಾಸ್ತಿ ಇರೋದು.
* ಒಂದು ವಾರ ಮುಂಚೆ ಡಾಕ್ಟರ ಸಲಹೆಯಂತೆ ಜಂತುಹುಳದ ಔಷಧಿ ಕೊಡಿ. ಮಂಕಾದ ಕೋಳಿಗೆ ಲಸಿಕೆ ಬೇಡ. ಅದನ್ನ ಬೇರೆ ಇಟ್ಟು ಡಾಕ್ಟರಿಗೆ ತಿಳಿಸಿ.
* ಬಾಟಲಿಯನ್ನ ಐಸ್ ತುಂಬಿದ ಫ್ಲಾಸ್ಕಿನಲ್ಲೇ ತನ್ನಿ. ಲೇಬಲ್ ಫೋಟೋ ತೆಗೆದು ಗ್ರೂಪಿಗೆ ಹಾಕಿ. ಬ್ಯಾಚ್ ನಂಬರು, ಕೊನೆಯ ದಿನಾಂಕ ಎರಡೂ ಕಾಣಬೇಕು.
* ಕೋಳಿಗಳನ್ನ ಗೂಡಿನಿಂದ ಬಿಡೋಕೆ ಮುಂಚೆ, ಬೆಳಗಿನ ಜಾವವೇ ಶುರು ಮಾಡಿ. ಬಿಟ್ಟ ಮೇಲೆ ಹಿಡಿಯೋಕೆ ಹೋದ್ರೆ ಮಧ್ಯಾಹ್ನ ಆಗುತ್ತೆ, ಲಸಿಕೆ ಕೆಡುತ್ತೆ.
* ಕಣ್ಣಿಗೆ ಒಂದು ಹನಿ. ಹನಿ ಬಿದ್ದ ಮೇಲೆ ಕೋಳಿ ಕಣ್ಣು ಮಿಟುಕಿಸೋ ತನಕ ಹಿಡಿದಿರಿ. ಎಳೆ ಮರಿಗೆ ಎಫ್ ಅಥವಾ ಬಿ1, ಬೆಳೆದವಕ್ಕೆ ಲಸೋಟಾ ಕೊಡೋದು ರೂಢಿ.
* ಹನಿ ಹಾಕಿದ ಕೈಯಲ್ಲಿ ನಿಮ್ಮ ಕಣ್ಣು ಉಜ್ಜಬೇಡಿ. ಕೆಲವು ದಿನ ಕಣ್ಣು ಕೆಂಪಾಗಬಹುದು. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಖಾಲಿ ಬಾಟಲಿ ಕುದಿಸಿ ಹೂಳಿ.

ನೀರಲ್ಲಿ ಬೆರೆಸಿ ಕೊಡೋದೂ ಇದೆ. ಆದರೆ ಹಿತ್ತಲ ಕೋಳಿ ತೊಟ್ಟಿ ನೀರು, ಬಚ್ಚಲ ನೀರು, ಎಲ್ಲೆಲ್ಲೋ ಕುಡಿಯುತ್ತೆ. ಯಾವುದು ಎಷ್ಟು ಕುಡೀತು ಗೊತ್ತಾಗಲ್ಲ. ನಲ್ಲಿ ನೀರಿನ ಕ್ಲೋರಿನ್ ಲಸಿಕೆಯನ್ನ ಕೊಲ್ಲುತ್ತೆ. ಅದಕ್ಕೇ ನನ್ನ ಮತ ಕಣ್ಣಹನಿಗೆ. ಆರ್2ಬಿ ಇಂಜೆಕ್ಷನ್ ಹೆಚ್ಚು ಕಾಲ ರಕ್ಷಣೆ ಕೊಡುತ್ತೆ, ಆದರೆ ಎಂಟು ವಾರ ದಾಟಿದ, ಮೊದಲು ಸೌಮ್ಯ ಲಸಿಕೆ ಪಡೆದ ಕೋಳಿಗೆ ಮಾತ್ರ. ಅದನ್ನ ಆಸ್ಪತ್ರೆ ಸಿಬ್ಬಂದಿ ಕೈಯಲ್ಲೇ ಮಾಡಿಸಿ.

ಕಣ್ಣಹನಿಯ ರಕ್ಷಣೆ ನಾಲ್ಕು ತಿಂಗಳಿಗೊಮ್ಮೆ ಹೊಸದಾಗಬೇಕು. ಹಬ್ಬದ ಲೆಕ್ಕದಲ್ಲಿ ಇಟ್ಟುಕೊಂಡರೆ ಮರೆಯೋದಿಲ್ಲ: ಸಂಕ್ರಾಂತಿ, ಬಸವ ಜಯಂತಿ, ಗಣೇಶನ ಹಬ್ಬ. ಇದರಲ್ಲಿ ಸಂಕ್ರಾಂತಿಯದ್ದನ್ನ ಮಾತ್ರ ತಪ್ಪಿಸಲೇಬೇಡಿ. ಲಸಿಕೆ ಹಿಡಿಯೋಕೆ ಸುಮಾರು ಎರಡು ವಾರ ಬೇಕು, ಜಾತ್ರೆ ಕಾಲ ಶುರುವಾಗೋದ್ರೊಳಗೆ ಕೋಳಿ ತಯಾರಿರಬೇಕು. ರೋಗ ಬಿದ್ದ ಮೇಲೆ ಲಸಿಕೆಗೆ ಓಡೋದು ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂಗೆ.

ಸಾವಯವ ಗೆಳೆಯರಿಗೆ ಒಂದು ಮಾತು

ನಾನು ಸಾವಯವ ಬೆಳೆಗಾರ. ನಮ್ಮ ಬಳಗದಲ್ಲಿ ಲಸಿಕೆ ಅಂದರೆ ಮುಖ ಸಿಂಡರಿಸೋರು ಕಮ್ಮಿ ಏನಿಲ್ಲ. "ನಾಟಿ ಕೋಳಿಗೆ ಹುಟ್ಟಿನಿಂದಲೇ ಶಕ್ತಿ ಇರುತ್ತೆ, ಅರಿಶಿನ ಬೆಳ್ಳುಳ್ಳಿ ಕೊಟ್ಟರೆ ಸಾಕು, ಇಂಜೆಕ್ಷನ್ ಚುಚ್ಚಿದರೆ ಅದು ಫಾರ್ಮ್ ಕೋಳಿ ಆಯ್ತು" ಅಂತಾರೆ.

ನಾಟಿ ಕೋಳಿ ಗಟ್ಟಿ ಅನ್ನೋದು ನಿಜ. ಬಿಸಿಲು ತಡೆಯುತ್ತೆ, ಸಿಕ್ಕಿದ್ದು ತಿನ್ನುತ್ತೆ, ಹದ್ದು ಕಂಡರೆ ಓಡುತ್ತೆ. ಆದರೆ ರಾಣಿಖೇತ್ ವೈರಸ್ಸಿನ ಮುಂದೆ ಆ ಗಟ್ಟಿತನ ಸಾಲೋದಿಲ್ಲ ಅನ್ನೋದಕ್ಕೆ ಪ್ರತಿ ಬೇಸಿಗೆಯ ಖಾಲಿ ಗೂಡೇ ಸಾಕ್ಷಿ. ಅರಿಶಿನ, ಬೆಳ್ಳುಳ್ಳಿ ಕೊಡಬೇಡಿ ಅಂತ ನಾನು ಹೇಳೋದಿಲ್ಲ, ಕೊಡಿ. ಆದರೆ ಒಂದು ನಿರ್ದಿಷ್ಟ ವೈರಸ್ಸನ್ನ ಗುರುತು ಹಿಡಿಯೋದನ್ನ ಕೋಳಿಯ ದೇಹಕ್ಕೆ ಕಲಿಸೋ ಕೆಲಸ ಅವುಗಳಿಂದ ಆಗೋದಿಲ್ಲ. ಅದನ್ನ ಕಲಿಸೋದು ಲಸಿಕೆ.

ನಮ್ಮ ತತ್ವದಿಂದಲೇ ನೋಡಿದರೂ ಲಸಿಕೆ ನಮಗೆ ಹೊರಗಿನದಲ್ಲ. ರೋಗ ಬಂದ ಮೇಲೆ ವಿಷ ಸುರಿಯೋದಕ್ಕಿಂತ ಬರದಂತೆ ನೋಡಿಕೋ ಅನ್ನೋದು ಸಾವಯವದ ಮೊದಲ ಪಾಠ ತಾನೇ? ಈ ಲಸಿಕೆಯಲ್ಲಿ ಹಾರ್ಮೋನ್ ಇಲ್ಲ, ಕೋಳಿಯನ್ನ ಬೇಗ ದಪ್ಪ ಮಾಡೋ ಏನೂ ಇಲ್ಲ. ಸೌಮ್ಯ ವೈರಸ್ಸು ತೋರಿಸಿ ಉಗ್ರ ವೈರಸ್ಸಿಗೆ ತಯಾರು ಮಾಡೋದಷ್ಟೇ. ನಮ್ಮ ದೇಶದ ಸಾವಯವ ಪ್ರಮಾಣೀಕರಣದ ನಿಯಮ, ಅಂದ್ರೆ ಎನ್‌ಪಿಒಪಿ ಕೂಡ, ಆ ಪ್ರದೇಶದಲ್ಲಿ ಇದೆ ಅಂತ ಗೊತ್ತಿರೋ ರೋಗಕ್ಕೆ ಲಸಿಕೆ ಹಾಕೋಕೆ ಅವಕಾಶ ಕೊಟ್ಟಿದೆ. ಅದು ಕಡಿವಾಣ ಹಾಕಿರೋದು ಆ್ಯಂಟಿಬಯೋಟಿಕ್, ಹಾರ್ಮೋನುಗಳಿಗೆ. ಪ್ರಮಾಣಪತ್ರ ಇರೋರು ಯಾವ ಲಸಿಕೆ, ಯಾವ ದಿನ ಅಂತ ಪುಸ್ತಕದಲ್ಲಿ ಬರೆದಿಟ್ಟು, ನಿಮ್ಮ ಪ್ರಮಾಣೀಕರಣ ಸಂಸ್ಥೆಗೆ ಮೊದಲೇ ತಿಳಿಸಿ. ಲಸಿಕೆ ಬಿಟ್ಟು, ರೋಗ ಬಂದಾಗ ಗಾಬರಿಯಲ್ಲಿ ಆ್ಯಂಟಿಬಯೋಟಿಕ್ ಸುರಿಯೋನೇ ನಿಜವಾಗಿ ಸಾವಯವದಿಂದ ದೂರ ಹೋಗೋನು.

ಹಕ್ಕಿಜ್ವರದ ಪ್ರಶ್ನೆ

"ಹಾಗಾದ್ರೆ ಹಕ್ಕಿಜ್ವರಕ್ಕೂ ಲಸಿಕೆ ಹಾಕಿಸಬಹುದಲ್ಲ" ಅಂತ ಕೇಳ್ತೀರಿ. ಅದರ ದಾರಿ ಬೇರೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ಕಾಣಿಸಿದಾಗಿನಿಂದ ಉಗ್ರ ಹಕ್ಕಿಜ್ವರಕ್ಕೆ ನಮ್ಮ ಸರ್ಕಾರದ ನೀತಿ ಒಂದೇ: ರೋಗ ಖಚಿತವಾದ ಜಾಗದ ಸುತ್ತ ಕೋಳಿಗಳನ್ನ ಕೊಂದು ಹೂಳೋದು, ರೈತರಿಗೆ ಪರಿಹಾರ ಕೊಡೋದು. 2012ರಲ್ಲಿ ಹೆಸರಘಟ್ಟದಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಆಗಿದ್ದು ಅದೇ. ಲಸಿಕೆ ಹಾಕಿದರೆ ಕೋಳಿ ಸಾಯದೆ, ಒಳಗೊಳಗೇ ವೈರಸ್ ಹರಡಬಹುದು. ಇದು ಮನುಷ್ಯರಿಗೂ ತಗುಲಬಹುದಾದ ರೋಗ ಆಗಿರೋದ್ರಿಂದ ಆ ಭಯಕ್ಕೆ ತೂಕ ಇದೆ. ಫ್ರಾನ್ಸ್ 2023ರಲ್ಲಿ ಬಾತುಕೋಳಿಗಳಿಗೆ ಲಸಿಕೆ ಶುರು ಮಾಡಿದೆ, ಆದರೆ ಅದರ ಬೆನ್ನಿಗೇ ದೊಡ್ಡ ಪರೀಕ್ಷಾ ವ್ಯವಸ್ಥೆಯನ್ನೂ ಇಟ್ಟಿದೆ.

ನಮಗೆ ಬೇಕಾದ ಪಾಠ ಇನ್ನೊಂದು. ಉಗ್ರ ರಾಣಿಖೇತ್ ಮತ್ತು ಹಕ್ಕಿಜ್ವರ ಎರಡೂ ಹೊರಗಿನಿಂದ ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ. ಲ್ಯಾಬ್ ಪರೀಕ್ಷೆ ಇಲ್ಲದೆ ಹೇಳೋಕಾಗಲ್ಲ. ಪ್ರತಿ ಬೇಸಿಗೆ ಕೋಳಿ ಸಾಯೋದು ಮಾಮೂಲಿ ಆಗಿರೋ ಊರಿನಲ್ಲಿ ಹಕ್ಕಿಜ್ವರ ಬಂದರೂ ಯಾರೂ ಫೋನ್ ಎತ್ತೋದಿಲ್ಲ. "ಕೊಕ್ಕರೆ ಬಂತು" ಅಂತ ಹೂತುಬಿಡ್ತಾರೆ. ಬೀದಿಗೆಲ್ಲ ರಾಣಿಖೇತ್ ಲಸಿಕೆ ಆಗಿದ್ದರೆ, ಆಮೇಲೂ ಕೋಳಿ ಸಾಲಾಗಿ ಸತ್ತರೆ ಅದು ಮಾಮೂಲಿ ಅಲ್ಲ ಅಂತ ಮೊದಲ ದಿನವೇ ಗೊತ್ತಾಗುತ್ತೆ. ಆಗ ಸತ್ತ ಕೋಳಿಯನ್ನ ಬರಿಗೈಯಲ್ಲಿ ಮುಟ್ಟದೆ, ಸಂತೆಗೆ ಕಳಿಸದೆ, ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನ್ ಮಾಡಬೇಕು. ಕೊಕ್ಕರೆ ರೋಗದ ಲಸಿಕೆ ಹೀಗೆ ಮನುಷ್ಯರ ಆರೋಗ್ಯಕ್ಕೂ ಒಂದು ಎಚ್ಚರಿಕೆ ಗಂಟೆ.

ಸರ್ಕಾರ ಮಾಡಬೇಕಾದ್ದು

ಬೀದಿ ಒಂದಾಗಬೇಕು ಅಂದೆ. ಹಾಗಂತ ಸರ್ಕಾರದ ಹೆಗಲಿನ ಹೊರೆಯನ್ನ ನಮ್ಮ ಹುಡುಗರ ಹೆಗಲಿಗೆ ಪೂರ್ತಿ ದಾಟಿಸೋಕೆ ನಾನು ತಯಾರಿಲ್ಲ. ಬಿಸಿ ತಡೆಯೋ ಲಸಿಕೆ ಕನಸೇನಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಸ್ಪ್ರಾಡ್‌ಬ್ರೋ ಅವರ ತಂಡ ಹಳ್ಳಿ ಕೋಳಿಗಳಿಗಾಗಿಯೇ ಐ-2 ಅನ್ನೋ ತಳಿ ಆಯ್ದು ತೆಗೆಯಿತು. ಮಾಮೂಲಿ ಲಸಿಕೆಗಿಂತ ಹೆಚ್ಚು ಕಾಲ ಬಿಸಿ ತಡೆಯೋ ಈ ತಳಿಯನ್ನ ಬಡ ದೇಶಗಳಿಗೆ ಬೆಲೆ ಇಲ್ಲದೆ ಕೊಟ್ಟರು. ಮೊಜಾಂಬಿಕ್, ತಾಂಜಾನಿಯಾದಲ್ಲಿ ಸ್ಥಳೀಯವಾಗಿ ತಯಾರಿಸಿ, ಹಳ್ಳಿಯವರಿಗೇ ತರಬೇತಿ ಕೊಟ್ಟು, ವರ್ಷಕ್ಕೆ ಮೂರು ಸಲ ಕಣ್ಣಹನಿ ಹಾಕಿಸ್ತಾರೆ. ಅಷ್ಟು ದೂರ ಯಾಕೆ, ಪಕ್ಕದ ತಮಿಳುನಾಡಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಹಿತ್ತಲ ಕೋಳಿಗಾಗಿ ಡಿ58 ತಳಿಯಿಂದ ತಿನ್ನಿಸೋ ಗುಳಿಗೆ ಲಸಿಕೆ ಮಾಡಿದೆ. ಕೋಳಿ ಹಿಡಿಯೋ ಗೋಜೂ ಇಲ್ಲ.

ನಮ್ಮ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕೋಳಿ ಲಸಿಕೆ ತಯಾರಿಸೋದು ಹೊಸದಲ್ಲ. ಗಿರಿರಾಜ, ಸ್ವರ್ಣಧಾರದಂಥ ಹಿತ್ತಲ ತಳಿ ಕೊಟ್ಟ ರಾಜ್ಯ ನಮ್ಮದು. ಮರಿ ಕೊಟ್ಟವರು ಅದನ್ನ ಉಳಿಸೋ ಲಸಿಕೆಯನ್ನೂ ಹಿತ್ತಲ ಅಳತೆಯಲ್ಲಿ ಕೊಡಬೇಡವೇ? ಬಿಸಿ ತಡೆಯೋ ತಳಿ, ಐವತ್ತು ಡೋಸಿನ ಸಣ್ಣ ಬಾಟಲಿ, ಹಾಕೋಕೆ ತರಬೇತಿ ಪಡೆದ ಪಶು ಸಖಿಯರು, ಹನಿಗೆ ಇಷ್ಟು ಅಂತ ಅವರಿಗೊಂದು ಗೌರವಧನ. ಗ್ರಾಮಸಭೆಯಲ್ಲಿ ಕೇಳಬೇಕಾದ್ದು ಇಷ್ಟೇ. ಕಾಲುಬಾಯಿ ಜ್ವರಕ್ಕೆ ಮನೆಬಾಗಿಲಿಗೆ ಬರೋ ವ್ಯವಸ್ಥೆ ಇದ್ದ ಮೇಲೆ, ಅದೇ ದಿನ ಅದೇ ಐಸ್ ಡಬ್ಬಿಯಲ್ಲಿ ಕೋಳಿಯ ಒಂದು ಬಾಟಲಿ ಬರೋದು ಅಸಾಧ್ಯ ಅಂತ ಯಾರೂ ಹೇಳಲಾರರು.

ಅದು ಬರೋ ತನಕ ಕಾಯೋದು ಬೇಡ. ಈ ವಾರ ಒಂದೇ ಕೆಲಸ ಮಾಡಿ: ನಿಮ್ಮ ಬೀದಿಯ ಗ್ರೂಪಿನಲ್ಲಿ "ನಿಮ್ಮ ಮನೇಲಿ ಕೋಳಿ ಎಷ್ಟು?" ಅಂತ ಒಂದು ಸಾಲು ಹಾಕಿ. ಬಂದ ಉತ್ತರಗಳನ್ನ ಕೂಡಿ. ಮೊತ್ತ ನೂರು ದಾಟಿದರೆ ಒಂದು ಬಾಟಲಿಗೆ ನಿಮ್ಮ ಬೀದಿ ತಯಾರಾಯ್ತು, ಪಶು ಆಸ್ಪತ್ರೆಗೆ ಹೋಗಿ ತಾರೀಕು ಕೇಳಿಕೊಂಡು ಬನ್ನಿ.